ರಕ್ತ ಬಲ್ಲ ಗುಟ್ಟು

ಇಳಕಲ್ಲಿನ ಎಷ್ಟೋ ನೇಕಾರರ ಮನೆಗಳಲ್ಲಿ ಮಗ್ಗವಿರುವ ಪಡಸಾಲೆಯೇ ಊಟಕ್ಕೂ ನಿದ್ದೆಗೂ ಎಡೆ. ಅಂತಹ ಮನೆಯಲ್ಲೊಬ್ಬರಿಗೆ ಶ್ವಾಸಕೋಶದ ಕ್ಷಯ ತಗುಲಿತೆನ್ನಿ. ಕೆಮ್ಮಿನೊಡನೆ ಗಾಳಿಗೆ ಸೇರಿದ ರೋಗಾಣು ಮನೆಮಂದಿಯ ಉಸಿರಿನೊಳಗೂ ಹೊಕ್ಕೀತು. ಆದರೆ ಹೊಕ್ಕ ಮಾತ್ರಕ್ಕೆ ಎಲ್ಲರೂ ಹಾಸಿಗೆ ಹಿಡಿಯುವುದಿಲ್ಲ. ದೇಹದ ರಕ್ಷಕ ಕಣಗಳು ಅದನ್ನು ಸುತ್ತುಗಟ್ಟಿ ಸೆರೆಯಲ್ಲಿಡುತ್ತವೆ. ಕೆಮ್ಮಿಲ್ಲ, ಜ್ವರವಿಲ್ಲ, ಇತರರಿಗೆ ಅಂಟುವುದೂ ಇಲ್ಲ. ಇದೇ ಸುಪ್ತ ಕ್ಷಯ. ಇಂತಹವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಮಾತ್ರ ಮುಂದೆಂದಾದರೂ ರೋಗ ಕೆರಳುತ್ತದೆ. ಎಳೆಯ ಮಕ್ಕಳಿಗೂ, ಎಚ್.ಐ.ವಿ. ಸೋಂಕಿತರಿಗೂ, ಸಿಹಿಮೂತ್ರ ರೋಗಿಗಳಿಗೂ, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟವರಿಗೂ ಅಪಾಯ ಹೆಚ್ಚು. ಕೆಂಪು ಕಲ್ಲಿನ ಗಣಿಗಳುಳ್ಳ ಈ ಸೀಮೆಯವರು ಕೊನೆಯ ಮಾತನ್ನು ವಿಶೇಷವಾಗಿ ಮನಗಾಣಬೇಕು.

ಈ ಸೆರೆಯಾಳನ್ನು ಪತ್ತೆ ಹಚ್ಚುವುದೆಂತು? ಕಫದಲ್ಲಿ ಅದು ಸಿಕ್ಕದು. 1890ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ಅವರು ಪ್ರಕಟಿಸಿದ ಟ್ಯೂಬರ್ಕುಲಿನ್ ಔಷಧವಾಗಿ ಸೋತರೂ ಪರೀಕ್ಷೆಯಾಗಿ ಗೆದ್ದಿತು. ಅದನ್ನು ಮುಂಗೈಯ ಚರ್ಮದೊಳಗೆ ಚುಚ್ಚಿ, ಎರಡು ಮೂರು ದಿನಗಳ ಬಳಿಕ ಗಡಸು ಊತವನ್ನು ಅಳೆಯುತ್ತಾರೆ. 1960ರಲ್ಲಿ ನೆಹರೂ ಅವರು ಉದ್ಘಾಟಿಸಿದ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಮರುವರ್ಷದಿಂದ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ಸೋಂಕಿನ ಲೆಕ್ಕ ಹಾಕಿದ್ದು ಈ ಕ್ರಮದಿಂದಲೇ. ಆದರೆ ಟ್ಯೂಬರ್ಕುಲಿನ್ ಹಲವು ಪ್ರೋಟೀನುಗಳ ಬೆರಕೆ. ಬಿ.ಸಿ.ಜಿ. ಲಸಿಕೆ ಪಡೆದವರ ಕೈಯೂ ಅದಕ್ಕೆ ಊದಿಕೊಳ್ಳಬಹುದು.

ಈ ತೊಡಕನ್ನು ಬಿಡಿಸಿದವು ಎರಡು ಪುಟ್ಟ ಪ್ರೋಟೀನುಗಳು: ಇಸಾಟ್-6 ಮತ್ತು ಸಿ.ಎಫ್.ಪಿ.-10. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾಂ ಅವರು ದನದ ಕ್ಷಯಾಣುವನ್ನು 1908ರಿಂದ 13 ವರ್ಷ ಮರಳಿ ಮರಳಿ ಬೆಳೆಸಿ ಸಾಧುಗೊಳಿಸಿದಾಗ, ಇವನ್ನು ತಯಾರಿಸುವ ಶಕ್ತಿಯೇ ಅದರಿಂದ ಕಳಚಿಹೋಗಿತ್ತು. ಆದುದರಿಂದ ಲಸಿಕೆಯ ಅಣುವಿನಲ್ಲಿ ಇವಿಲ್ಲ, ಕ್ಷಯಾಣುವಿನಲ್ಲುಂಟು. ಇವುಗಳ ತುಣುಕುಗಳೊಡನೆ ರಕ್ತವನ್ನು ಒಂದು ದಿನದಷ್ಟು ಹೊತ್ತು ಮೈಶಾಖದಲ್ಲಿಡುತ್ತಾರೆ. ನೇಕಾರನು ಕೆಂಪು ರೇಷ್ಮೆಯ ಸೆರಗನ್ನು ಕಂಡೊಡನೆ ತನ್ನೂರಿನ ಸೀರೆಯನ್ನು ಗುರುತಿಸುವಂತೆ, ಹಿಂದೆ ಕ್ಷಯಾಣುವನ್ನೆದುರಿಸಿದ ಬಿಳಿ ರಕ್ತಕಣಗಳು ಇವನ್ನು ಗುರುತಿಸಿ, ಇಂಟರ್‌ಫೆರಾನ್-ಗ್ಯಾಮಾ ಎಂಬ ವಸ್ತುವನ್ನು ಸ್ರವಿಸುತ್ತವೆ. ಅದನ್ನಳೆದರೆ ಗುಟ್ಟು ರಟ್ಟು.

ಆದರೂ ಒಂದು ಎಚ್ಚರಿಕೆ ಅಗತ್ಯ. ಅಣು ಒಳಹೊಕ್ಕಿತ್ತೆಂದಷ್ಟೇ ಈ ಪರೀಕ್ಷೆ ಹೇಳಬಲ್ಲುದು. ಅದು ನಿದ್ರಿಸುತ್ತಿದೆಯೋ ಎದ್ದಿದೆಯೋ ಹೇಳಲಾರದು. ಅದನ್ನು ತಿಳಿಯಲು ಎಕ್ಸ್-ರೇ, ಕಫಪರೀಕ್ಷೆಗಳೇ ಬೇಕು. ರಕ್ತದಲ್ಲಿನ ಪ್ರತಿಕಾಯಗಳನ್ನು ನೋಡಿ ಕ್ಷಯವೆಂದು ಸಾರುತ್ತಿದ್ದ ಬೇರೊಂದು ಬಗೆಯ ಪರೀಕ್ಷೆಯನ್ನು ಭಾರತ ಸರ್ಕಾರವು 2012ರಲ್ಲಿ ನಿಷೇಧಿಸಿತೆಂಬುದೂ ನೆನಪಿರಲಿ. ರಕ್ತಪರೀಕ್ಷೆಗೆ ಸುಸಜ್ಜಿತ ಪ್ರಯೋಗಾಲಯ ಬೇಕು, ಖರ್ಚೂ ಹೆಚ್ಚು. ಹಾಗೆಂದೇ ಇವೇ ಪ್ರೋಟೀನುಗಳನ್ನು ಚರ್ಮಕ್ಕೆ ಚುಚ್ಚುವ ಹೊಸ ಪರೀಕ್ಷೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಸಮ್ಮತಿಯಿತ್ತಿತು.

ಎದ್ದಿರುವ ರೋಗವಿಲ್ಲವೆಂದು ಖಚಿತವಾದ ಮೇಲೆ, ಆರು ತಿಂಗಳು ದಿನವೂ ಐಸೋನಿಯಾಜಿಡ್ ಸೇವಿಸಿ, ಇಲ್ಲವೆ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಎರಡು ಔಷಧಗಳನ್ನು ಕೂಡಿಸಿ ತೆಗೆದುಕೊಂಡು ಸುಪ್ತ ಕ್ಷಯವನ್ನು ಮಣಿಸಬಹುದು. ಮನೆಯ ಐದು ವರ್ಷದೊಳಗಿನ ಮಕ್ಕಳಿಗಂತೂ ಈ ರಕ್ತಪರೀಕ್ಷೆಗಾಗಿ ಕಾಯಬೇಕಾಗಿಲ್ಲ. ಕೆಮ್ಮುವವರನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ, ಅವರ ಮಗ್ಗುಲಲ್ಲಿ ಮಲಗುವ ಕೂಸನ್ನೂ ಜೊತೆಗೆ ಕರೆದೊಯ್ಯುವುದು ಮರೆಯದಿರಲಿ.