ನ್ಯೂಟ್ರಾನಿನ ಕಣ್ಣಿಗೆ ಪರಮಾಣು ಬೀಜ ಎಷ್ಟು ದೊಡ್ಡದು?

1944ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರ. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ಹೊಸದಾಗಿ ಕಟ್ಟಿದ್ದ ದೊಡ್ಡ ಪರಮಾಣು ರಿಯಾಕ್ಟರನ್ನು ಚಾಲನೆ ಮಾಡಲಾಯಿತು. ಕೆಲವು ಗಂಟೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಯಾರೂ ಏನೂ ಮಾಡದಿದ್ದರೂ ಅದರ ಶಕ್ತಿ ಕುಗ್ಗುತ್ತಾ ಬಂದು ರಿಯಾಕ್ಟರ್ ನಿಂತೇ ಹೋಯಿತು. ಮರುದಿನ ಮತ್ತೆ ಚಾಲನೆ ಮಾಡಿದರೆ ಮತ್ತೆ ಅದೇ ಕಥೆ!

ವಿಜ್ಞಾನಿಗಳು ತಲೆ ಕೆಡಿಸಿಕೊಂಡು ಹುಡುಕಿದಾಗ ಸಿಕ್ಕಿದ ಕಳ್ಳ ಕ್ಸೆನಾನ್-135. ಯುರೇನಿಯಂ ಒಡೆದ ಚೂರುಗಳಿಂದ ಹುಟ್ಟುವ ಈ ಅನಿಲ, ರಿಯಾಕ್ಟರನ್ನು ನಡೆಸಬೇಕಾದ ನ್ಯೂಟ್ರಾನ್‌ಗಳನ್ನು ಬಕಾಸುರನಂತೆ ನುಂಗುತ್ತಿತ್ತು. ಸುಮಾರು 9 ಗಂಟೆಗಳಲ್ಲಿ ಅದರ ಅರ್ಧಭಾಗ ತಾನಾಗಿ ಕ್ಷಯಿಸುತ್ತದೆ. ಮರುದಿನ ರಿಯಾಕ್ಟರ್ ಚೇತರಿಸಿಕೊಂಡದ್ದು ಅದರಿಂದಲೇ. 1500 ಇಂಧನ ಕೊಳವೆಗಳು ಸಾಕೆಂದು ಲೆಕ್ಕ ಹೇಳಿದ್ದರೂ, ಎಂಜಿನಿಯರುಗಳು ಮುಂಜಾಗ್ರತೆಯಿಂದ 2004 ಕೊಳವೆಗಳಿಗೆ ಜಾಗ ಬಿಟ್ಟಿದ್ದರು. ಆ ಹೆಚ್ಚಿನ ಕೊಳವೆಗಳಿಗೂ ಇಂಧನ ತುಂಬಿದ ಮೇಲೆಯೇ ಕೆಲಸ ಸಾಗಿತು. ಒಂದೇ ಒಂದು ಸಂಖ್ಯೆ ಮೊದಲೇ ತಿಳಿದಿರಲಿಲ್ಲ ಎಂಬುದರ ಪರಿಣಾಮ ಇದು. ಯಾವುದು ಆ ಸಂಖ್ಯೆ?

ಬಾರ್ನ್ ಎಂಬ ಅಳತೆ

ನ್ಯೂಟ್ರಾನಿಗೆ ವಿದ್ಯುದಂಶವಿಲ್ಲ. ಆದ್ದರಿಂದ ಅದು ಯಾವ ಅಡ್ಡಿಯೂ ಇಲ್ಲದೆ ಪರಮಾಣುವಿನ ಬೀಜದ ಬಳಿಗೆ ಹೋಗಬಲ್ಲದು. ಹೋದದ್ದು ಹಾಗೆಯೇ ಪಕ್ಕಕ್ಕೆ ಚಿಮ್ಮಬಹುದು, ಬೀಜದಲ್ಲಿ ಸೇರಿಹೋಗಬಹುದು, ಇಲ್ಲವೆ ಬೀಜವನ್ನೇ ಒಡೆಯಬಹುದು. ಇವುಗಳಲ್ಲಿ ಒಂದೊಂದಕ್ಕೂ ಇರುವ ಸಂಭವವನ್ನು, ಬೀಜವೊಂದು ಗುರಿಹಲಗೆ ಎಂದು ಭಾವಿಸಿ, ಆ ಹಲಗೆಯ ವಿಸ್ತೀರ್ಣದಿಂದ ಸೂಚಿಸುತ್ತಾರೆ. ಇದೇ ಅಡ್ಡಕೊಯ್ತ. ಇದರ ಮಾನ ಬಾರ್ನ್. ಒಂದು ಚದರ ಸೆಂಟಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ಮತ್ತೆ ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಬಾರ್ನ್! ಇಂಗ್ಲಿಷಿನಲ್ಲಿ ಬಾರ್ನ್ ಎಂದರೆ ರೈತರು ಹುಲ್ಲು, ಧಾನ್ಯ ತುಂಬುವ ದೊಡ್ಡ ಕಟ್ಟಡ. ನ್ಯೂಟ್ರಾನಿಗೆ ಇಷ್ಟು ವಿಸ್ತೀರ್ಣವೂ ಅಷ್ಟು ದೊಡ್ಡ ಗುರಿಯೇ ಎಂಬ ವಿನೋದದಿಂದ 1942ರಲ್ಲಿ ಇಬ್ಬರು ಅಮೆರಿಕನ್ ಭೌತವಿಜ್ಞಾನಿಗಳು ಇಟ್ಟ ಹೆಸರು ಅದು.

ಸ್ವಾರಸ್ಯವಿರುವುದು ಇಲ್ಲಿ: ಬೀಜ ಒಂದೇ ಆದರೂ ಗುರಿಯ ವಿಸ್ತೀರ್ಣ ಒಂದೇ ಅಲ್ಲ. ಸೆಕೆಂಡಿಗೆ 2.2 ಕಿಲೋಮೀಟರ್ ವೇಗದ ನಿಧಾನ ನ್ಯೂಟ್ರಾನಿಗೆ ಯುರೇನಿಯಂ-235ರ ವಿದಳನದ ಅಡ್ಡಕೊಯ್ತ ಸುಮಾರು 585 ಬಾರ್ನ್. ಸೆಕೆಂಡಿಗೆ 14,000 ಕಿಲೋಮೀಟರ್ ಓಡುವ ವೇಗದ ನ್ಯೂಟ್ರಾನಿಗೆ ಸುಮಾರು 1.2 ಬಾರ್ನ್ ಮಾತ್ರ. ನಡುವಿನ ಶಕ್ತಿಗಳಲ್ಲಿ ಅದು ಶಿಖರ-ಕಣಿವೆಗಳಂತೆ ಏರಿಳಿಯುತ್ತದೆ. ಜೋಕಾಲಿಯನ್ನು ಸರಿಯಾದ ಲಯದಲ್ಲಿ ತಳ್ಳಿದರೆ ಎತ್ತರಕ್ಕೆ ಏರುವಂತೆ, ಕೆಲವು ನಿರ್ದಿಷ್ಟ ಶಕ್ತಿಗಳಲ್ಲಿ ಮಾತ್ರ ಬೀಜ ನ್ಯೂಟ್ರಾನನ್ನು ಆತುರದಿಂದ ಸೆಳೆದುಕೊಳ್ಳುತ್ತದೆ. ಇದೇ ಅನುರಣನ. ಯುರೇನಿಯಂ-238ರಲ್ಲಿ ಇಂಥ ಮೊದಲ ದೊಡ್ಡ ಶಿಖರ 6.67 ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ. ಹ್ಯಾನ್‌ಫರ್ಡ್‌ನ ಕ್ಸೆನಾನಿಗಂತೂ ನಿಧಾನ ನ್ಯೂಟ್ರಾನ್‌ಗಳನ್ನು ಹೀರುವ ಅಡ್ಡಕೊಯ್ತ ಸುಮಾರು 26 ಲಕ್ಷ ಬಾರ್ನ್!

ಓಟದ ಸ್ಪರ್ಧೆ

ಹಾಗಾದರೆ ಒಂದೊಂದು ಶಕ್ತಿಗೂ ಬೇರೆ ಬೇರೆಯಾಗಿ ಅಳೆಯುವುದು ಹೇಗೆ? ಓಟದ ಸ್ಪರ್ಧೆಯನ್ನು ನೆನಪಿಸಿಕೊಳ್ಳಿ. ಸೀಟಿ ಊದಿದಾಗ ಎಲ್ಲರೂ ಒಟ್ಟಿಗೆ ಹೊರಟರೂ ವೇಗದವರು ಮೊದಲು ಮುಟ್ಟುತ್ತಾರೆ. ದಾರಿ ಉದ್ದವಾದಷ್ಟೂ ಅಂತರ ಹೆಚ್ಚು. ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯದಲ್ಲಿ 2001ರಿಂದ ಇಂಥ ಏರ್ಪಾಡು ಇದೆ. ಪ್ರೋಟಾನ್‌ಗಳ ಒಂದು ಕಿರು ಪುಂಜವನ್ನು ಸೀಸದ ಗಟ್ಟಿಗೆ ಹೊಡೆದಾಗ ಎಲ್ಲ ವೇಗಗಳ ನ್ಯೂಟ್ರಾನ್‌ಗಳೂ ಒಮ್ಮೆಗೇ ಹೊರಡುತ್ತವೆ. 185 ಮೀಟರ್ ದಾರಿಯನ್ನು ಕ್ರಮಿಸಲು ಮೇಲೆ ಹೇಳಿದ ವೇಗದ ನ್ಯೂಟ್ರಾನಿಗೆ ಸೆಕೆಂಡಿನ ಹತ್ತು ಲಕ್ಷದಲ್ಲಿ 13 ಭಾಗ ಸಾಕು. ನಿಧಾನದ್ದಕ್ಕೆ ಸಾವಿರದಲ್ಲಿ 84 ಭಾಗ ಬೇಕು. ಬಂದು ಮುಟ್ಟಿದ ಹೊತ್ತು ತಿಳಿದರೆ ವೇಗ ತಿಳಿಯಿತು, ವೇಗದಿಂದ ಶಕ್ತಿ.

ದಾರಿಯ ಕೊನೆಯಲ್ಲಿ ಪರೀಕ್ಷೆಯ ವಸ್ತುವನ್ನು ಇಟ್ಟಿರುತ್ತಾರೆ. ಅದು ನ್ಯೂಟ್ರಾನನ್ನು ಹೀರಿದರೆ ಗಾಮಾ ಕಿರಣ ಹೊರಡುತ್ತದೆ. ಒಡೆದರೆ ಚೂರುಗಳು ಸಿಡಿಯುತ್ತವೆ. ಯಾವ ಕ್ಷಣದಲ್ಲಿ ಯಾವುದು ಎಷ್ಟು ಸಲ ಆಯಿತೆಂದು ಉಪಕರಣಗಳು ಎಣಿಸುತ್ತವೆ. ನಮ್ಮ ದೇಶಕ್ಕೆ ಮುಖ್ಯವಾದ ಥೋರಿಯಂ ನ್ಯೂಟ್ರಾನನ್ನು ಹೀರುವ ಪ್ರಮಾಣವನ್ನೂ ಅಲ್ಲಿ ಅಳೆದಿದ್ದಾರೆ. ಹಾಗೆ ಹೀರಿದ ಥೋರಿಯಮ್ಮೇ ಮುಂದೆ ಯುರೇನಿಯಂ-233 ಎಂಬ ಇಂಧನವಾಗುತ್ತದೆ.

ಕೈಗಾದ ಭಾರಜಲ

ಈ ಸಂಖ್ಯೆಗಳು ನಮ್ಮ ಮನೆಯ ದೀಪದವರೆಗೂ ಬರುತ್ತವೆ. ಉತ್ತರ ಕನ್ನಡದ ಕೈಗಾ ಸ್ಥಾವರದಲ್ಲಿ ಉರಿಯುವುದು ನೈಸರ್ಗಿಕ ಯುರೇನಿಯಂ. ಅದರಲ್ಲಿ ಸುಲಭವಾಗಿ ಒಡೆಯುವ ಯುರೇನಿಯಂ-235 ಇರುವುದು ಶೇಕಡಾ 0.7 ಮಾತ್ರ, ಆದ್ದರಿಂದ ನ್ಯೂಟ್ರಾನ್‌ಗಳನ್ನು ಪೋಲು ಮಾಡುವಂತಿಲ್ಲ. ಅವುಗಳ ವೇಗ ತಗ್ಗಿಸಲು ಸಾಮಾನ್ಯ ನೀರು ಬಳಸಿದರೆ ಅದರ ಜಲಜನಕ 0.33 ಬಾರ್ನ್‌ನಷ್ಟು ಹೀರಿಬಿಡುತ್ತದೆ. ಭಾರಜಲದ ಡ್ಯೂಟೀರಿಯಂ ಹೀರುವುದು ಸುಮಾರು 0.0005 ಬಾರ್ನ್, ಅಂದರೆ ಅದರ ಆರುನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಇಷ್ಟು ಕಷ್ಟಪಟ್ಟು, ಇಷ್ಟು ಹಣ ಸುರಿದು ಭಾರಜಲವನ್ನು ತಯಾರಿಸುವುದೇಕೆ ಎಂಬ ಪ್ರಶ್ನೆಗೆ ಈ ಎರಡು ಸಂಖ್ಯೆಗಳೇ ಉತ್ತರ.