ತಂಡ ಕಟ್ಟುವವರಿಗೆ ಮೊದಲ ಪಾಠ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ದೈಹಿಕ ಶಿಕ್ಷಕರಿಲ್ಲದ ಹಿರಿಯ ಪ್ರಾಥಮಿಕ ಶಾಲೆಯಾದರೆ, ಕ್ರೀಡಾಕೂಟಕ್ಕೆ ತಂಡ ಸಿದ್ಧಗೊಳಿಸುವ ಹೊಣೆ ಗಣಿತವನ್ನೋ ಕನ್ನಡವನ್ನೋ ಬೋಧಿಸುವವರ ಹೆಗಲೇರುತ್ತದೆ. ಅಂಥವರು ಮೊದಲು ಅರಿಯಬೇಕಾದುದು ಗೆಲುವಿನ ತಂತ್ರವನ್ನಲ್ಲ, ಮಕ್ಕಳ ಶರೀರಧರ್ಮವನ್ನು.

ಖೋ-ಖೋ ಆಟವನ್ನೇ ನೋಡಿ. ಎಂಟು ಮಂದಿ ಸಾಲಾಗಿ ಕುಳಿತಿರಲು ಒಂಬತ್ತನೆಯವರು ಬೆನ್ನಟ್ಟುತ್ತಾರೆ. ತಟ್ಟನೆ ಎದ್ದು, ಓಡಿ, ತಿರುಗುವಾಗ ಮೊಣಕಾಲು ಹಾಗೂ ಪಾದದ ಕೀಲುಗಳ ಮೇಲೆ ಭಾರ ಬೀಳುತ್ತದೆ. ಆದಕಾರಣ 10 ನಿಮಿಷ ನಿಧಾನದ ಓಟ, ಕೈಕಾಲುಗಳ ಸಡಿಲಿಕೆಯಾದ ಬಳಿಕವೇ ಆಟ ಆರಂಭವಾಗಲಿ.

ನಮ್ಮ ಬಯಲುಸೀಮೆಯ ಬಿಸಿಲು ಕಠಿಣವಾದುದು. ಅಭ್ಯಾಸವು ಮುಂಜಾನೆ ಇಲ್ಲವೆ ಸಂಜೆ ನಡೆಯಲಿ; ಬರಿಹೊಟ್ಟೆಯ ಮಕ್ಕಳನ್ನು ಓಡಿಸಬಾರದು; 15-20 ನಿಮಿಷಕ್ಕೊಮ್ಮೆ ನೀರು ಕುಡಿಸಬೇಕು. ತಲೆಸುತ್ತು, ವಾಕರಿಕೆ ಕಂಡೊಡನೆ ಆಟ ಬಿಡಿಸಿ ನೆರಳಿಗೆ ಕರೆತರಬೇಕು. ಮಾತು ತಡವರಿಸಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಉಷ್ಣಾಘಾತವಿರಬಹುದು. ಕೂಡಲೇ 108ಕ್ಕೆ ಕರೆಮಾಡಿ, ಮೈಗೆ ತಣ್ಣೀರೆರೆದು ಗಾಳಿ ಬೀಸುತ್ತಿರಬೇಕು. ಪ್ರಜ್ಞೆಯಿಲ್ಲದ ಮಗುವಿನ ಬಾಯಿಗೆ ನೀರು ಹಾಕಲಾಗದು.

ತಂಡದಿಂದ ಕೈಬಿಟ್ಟಾರೆಂಬ ಅಂಜಿಕೆಯಿಂದ ಮಕ್ಕಳು ನೋವನ್ನು ಬಚ್ಚಿಡುವುದುಂಟು. ‘ನೋವಾಗುತ್ತಿದೆ ಗುರುಗಳೇ’ ಎಂದ ಮಗುವನ್ನು ಗದರದೆ ಕುಳ್ಳಿರಿಸಿ, ಗುಣವಾದ ಮೇಲೆ ಮತ್ತೆ ಆಡಿಸಿದರೆ ಉಳಿದವರೂ ನಿಜ ಹೇಳಲು ಕಲಿಯುತ್ತಾರೆ. ಆ ನಂಬಿಕೆಯೇ ತಂಡದ ಆರೋಗ್ಯಕ್ಕೆ ಕಾವಲು.