ಮದ್ದಿನ ಮನೆಗೆ ಜಾಕು, ತೊಟ್ಟಿ ಮನೆಗೆ ಜೆಸಿಬಿ

ಬೆಂಗಳೂರಿನಿಂದ ಮೈಸೂರಿಗೆ ರೈಲಲ್ಲಿ ಹೋಗೋರು ಶ್ರೀರಂಗಪಟ್ಟಣ ಬಂದ ಕೂಡಲೇ ರಂಗನಾಥಸ್ವಾಮಿ ಗೋಪುರ ಹುಡುಕುತ್ತಾರೆ. ಕೈಯೆತ್ತಿ ಮುಗಿದು ಮತ್ತೆ ಮೊಬೈಲಿಗೆ ಮರಳುತ್ತಾರೆ. ಅದೇ ನಿಲ್ದಾಣದ ಹತ್ತಿರ ಇಟ್ಟಿಗೆ ಮತ್ತು ಗಾರೆಯ ಒಂದು ಪುಟ್ಟ ಕಟ್ಟಡವಿದೆ. ನೋಡೋದಕ್ಕೆ ದೊಡ್ಡದೇನಲ್ಲ, ಯಾರೂ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳಲ್ಲ. ಆದರೆ 2017ರ ಮಾರ್ಚ್‌ನಲ್ಲಿ ಈ ಕಟ್ಟಡ ತಾನಿದ್ದ ಜಾಗದಿಂದ ಎದ್ದು, ನೂರು ಮೀಟರ್ ದೂರ ಜರುಗಿ, ಇನ್ನೊಂದು ಕಡೆ ಹೋಗಿ ಕೂತಿತು. ಒಡೆದು ಮತ್ತೆ ಕಟ್ಟಿದ್ದಲ್ಲ, ಇಡೀ ಕಟ್ಟಡ ಇದ್ದ ಹಾಗೇ ಹೋಯಿತು.

ಇದು ಟಿಪ್ಪು ಸುಲ್ತಾನನ ಕಾಲದ ಶಸ್ತ್ರಾಗಾರ. ಜನರ ಬಾಯಲ್ಲಿ ಮದ್ದಿನ ಮನೆ. ಕೋಟೆಯೊಳಗೆ ಇಂಥವು ಹಲವು ಇದ್ದವು, ಈಗಲೂ ಇವೆ. ಬೆಂಗಳೂರು–ಮೈಸೂರು ಜೋಡಿ ಹಳಿಯ ಕೆಲಸ ಎರಡೂ ಕಡೆಯಿಂದ ಮುಗಿಯುತ್ತಾ ಬಂದು ಕೊನೆಗೆ ಸಿಕ್ಕಿಹಾಕಿಕೊಂಡಿದ್ದು ಇದರ ಮುಂದೆಯೇ. ಎರಡನೇ ಹಳಿ ಹೋಗಬೇಕಾದ ದಾರಿಯಲ್ಲಿ ಕರೆಕ್ಟಾಗಿ ಇದು ಕೂತಿತ್ತು. ಸಂರಕ್ಷಿತ ಸ್ಮಾರಕ, ಹಾಗಾಗಿ ಒಡೆಯುವಂತಿಲ್ಲ. ಹಳಿಯನ್ನು ಬಳಸಿ ಒಯ್ಯೋಣ ಅಂದರೆ ಜಾಗವಿಲ್ಲ. ವರ್ಷಗಟ್ಟಲೆ ಪತ್ರ ಓಡಾಡಿದ ಮೇಲೆ ಕಟ್ಟಡವನ್ನೇ ಸರಿಸೋದು ಅಂತ ತೀರ್ಮಾನವಾಯಿತು. ಭಾರತದ ಪಿಎಸ್‌ಎಲ್ ಎಂಜಿನಿಯರಿಂಗ್, ಅಮೆರಿಕದ ವೂಲ್ಫ್ ಅನ್ನೋ ಮನೆ ಸಾಗಿಸುವ ಕಂಪನಿ ಸೇರಿ ಕೆಲಸ ಮಾಡಿದವು. ಖರ್ಚು ಹತ್ತು ಕೋಟಿ ರೂಪಾಯಿಗೂ ಮೇಲೆ.

ಕಟ್ಟಡದ ತೂಕ ಸುಮಾರು ಸಾವಿರ ಟನ್. ಮಂಡ್ಯದವರಿಗೆ ಮಂಡ್ಯದ ಲೆಕ್ಕದಲ್ಲೇ ಹೇಳ್ತೀನಿ. ಟ್ರ್ಯಾಕ್ಟರಿಗೆ ಹತ್ತು ಟನ್ ಕಬ್ಬು ಅಂತ ಹಿಡಿದರೆ ಮೈಷುಗರ್ ಗೇಟಿನ ಮುಂದೆ ನೂರು ಟ್ರ್ಯಾಕ್ಟರ್ ಸಾಲು ನಿಲ್ಲಬೇಕು. ಅಷ್ಟೂ ಕಬ್ಬನ್ನು ಒಂದೇ ಸಲ, ಒಂದು ಜಲ್ಲೆಯೂ ಅಲುಗದ ಹಾಗೆ ಎತ್ತಬೇಕು.

ನಿಜವಾದ ಕಷ್ಟ ಇರೋದು ಆ ಅಲುಗದ ಹಾಗೆ ಅನ್ನೋ ಮಾತಿನಲ್ಲಿ. ಇಟ್ಟಿಗೆ ಗೋಡೆ ಮೇಲಿನಿಂದ ಎಷ್ಟು ಭಾರ ಹೇರಿದರೂ ತಡೆದುಕೊಳ್ಳುತ್ತೆ, ಎಳೆದರೆ ಮಾತ್ರ ತಡೆಯಲ್ಲ. ಒಂದು ಮೂಲೆ ನಾಲ್ಕು ಮಿಲಿಮೀಟರ್ ಮೇಲೆದ್ದು ಇನ್ನೊಂದು ಮೂಲೆ ಅಲ್ಲೇ ಉಳಿದರೆ ನಡುವಿನ ಗೋಡೆ ಎಳೆತಕ್ಕೆ ಸಿಗುತ್ತೆ, ಬಿರುಕು ಬಿಡುತ್ತೆ. ಕಾಂಕ್ರೀಟಿನಲ್ಲಿ ಎಳೆತ ತಡೆಯೋಕೆ ಕಬ್ಬಿಣ ಇರುತ್ತೆ. ಇನ್ನೂರು ವರ್ಷದ ಹಿಂದಿನ ಗಾರೆ ಗೋಡೆಯಲ್ಲಿ ಎಲ್ಲಿಂದ ಬರಬೇಕು?

ಅದಕ್ಕೇ ಮೊದಲು ಸುತ್ತಲೂ ಮಣ್ಣು ಬಗೆಯುತ್ತಾರೆ. ಗೋಡೆಯ ಬುಡದಲ್ಲಿ ಅಲ್ಲಲ್ಲಿ ರಂಧ್ರ ಕೊರೆದು ಉಕ್ಕಿನ ತೊಲೆ ತೂರಿಸುತ್ತಾರೆ. ತೊಲೆಗಳನ್ನು ಅಡ್ಡಡ್ಡ ಜೋಡಿಸಿದರೆ ಕಟ್ಟಡದ ಕೆಳಗೆ ಒಂದು ಉಕ್ಕಿನ ಮಂಚ ತಯಾರಾಗುತ್ತೆ. ಈಗ ಭಾರವೆಲ್ಲ ಮಂಚದ ಮೇಲೆ. ಮಂಚದ ಕೆಳಗೆ ಹೈಡ್ರಾಲಿಕ್ ಜಾಕುಗಳು. ಎಲ್ಲಾ ಜಾಕಿಗೂ ಒಂದೇ ಪಂಪಿನಿಂದ ಎಣ್ಣೆ ಬಿಟ್ಟರೆ ಏನಾಗುತ್ತೆ? ನಾಲೆಯ ಒಂದೇ ತೂಬಿನಿಂದ ನಾಲ್ಕು ಗದ್ದೆಗೆ ನೀರು ಬಿಟ್ಟ ಹಾಗೆ. ನೀರು ಮೊದಲು ತಗ್ಗಿನ ಗದ್ದೆಗೆ ನುಗ್ಗುತ್ತೆ, ದಿಬ್ಬದ ಮೇಲಿನವನು ಗುದ್ದಲಿ ಹಿಡಿದು ಜಗಳಕ್ಕೆ ಬರ್ತಾನೆ. ಎಣ್ಣೆಯೂ ಹಾಗೇ, ಭಾರ ಕಡಿಮೆ ಇರುವ ಜಾಕಿಗೆ ಮೊದಲು ಹೋಗಿ ಅದನ್ನೇ ಎತ್ತಿಬಿಡುತ್ತೆ. ಅದಕ್ಕಾಗಿ ಇಂಥ ಕೆಲಸಕ್ಕೆ ಬೇರೆಯದೇ ಯಂತ್ರವಿದೆ. ಅದು ಪ್ರತಿ ಜಾಕಿಗೂ ಅಳೆದು ಅಷ್ಟಷ್ಟೇ ಎಣ್ಣೆ ಕೊಡುತ್ತೆ. ಭಾರ ಎಷ್ಟಾದರೂ ಇರಲಿ, ಎಲ್ಲವೂ ಒಂದೇ ಸಮ ಏಳುತ್ತವೆ. ಎದ್ದ ಮೇಲೆ ಹಾಸಿದ ದಾರಿಯ ಮೇಲೆ ನಿಧಾನಕ್ಕೆ ತಳ್ಳೋದು. ನೋಡೋಕೆ ಹೋದವರಿಗೆ ಬೇಜಾರಾಗುವಷ್ಟು ನಿಧಾನ.

ಜಗತ್ತಿಗೆ ಇದು ಹೊಸದೇನಲ್ಲ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1930ರಲ್ಲಿ ಎಂಟು ಮಹಡಿಯ ಟೆಲಿಫೋನ್ ಕಚೇರಿಯನ್ನು ಸರಿಸಿ, ತೊಂಬತ್ತು ಡಿಗ್ರಿ ತಿರುಗಿಸಿ ಕೂರಿಸಿದರು. ಹನ್ನೊಂದು ಸಾವಿರ ಟನ್. ಒಳಗೆ ಟೆಲಿಫೋನ್ ಆಪರೇಟರುಗಳು ಕೆಲಸ ಮಾಡುತ್ತಲೇ ಇದ್ದರು, ನೀರು ಮತ್ತು ಗ್ಯಾಸಿನ ಪೈಪುಗಳಿಗೆ ಬಾಗುವ ಹೋಸ್ ಹಾಕಿದ್ದರು. ಅಷ್ಟು ಕಷ್ಟಪಟ್ಟ ಆ ಕಟ್ಟಡವನ್ನು 1963ರಲ್ಲಿ ಕೆಡವಿದರು. ಉಳಿಸುವ ತಂತ್ರ ಗೊತ್ತಿದ್ದ ಮಾತ್ರಕ್ಕೆ ಕಟ್ಟಡ ಉಳಿಯಲ್ಲ ನೋಡಿ.

ಈ ಕಾರ್ಯಕ್ರಮ ನೋಡಿದ್ದ ಹಿರಿಯರೊಬ್ಬರು ನಮ್ಮ ಕೆರಗೋಡು ಹೋಬಳಿಯ ಹಳ್ಳಿಯೊಂದರಲ್ಲಿ ಸಿಕ್ಕಿದರು. (ಕೆರಗೋಡು ಅಂದರೆ ಟೀವಿಯವರಿಗೆಲ್ಲ 2024ರ ಜನವರಿಯ ಧ್ವಜಸ್ತಂಭದ ಗಲಾಟೆ ನೆನಪಾಗುತ್ತೆ. ಇವತ್ತಿನ ವಿಷಯ ಅದಲ್ಲ.) ಅವರದು ಹಳೇ ತೊಟ್ಟಿ ಮನೆ. ನಾಲ್ಕು ಜನ ಅಣ್ಣತಮ್ಮಂದಿರಿಗೆ ಭಾಗ ಆಗಬೇಕು. ಎಂಥ ಲಾಯರು ಬಂದರೂ ತೊಟ್ಟಿಯನ್ನು ನಾಲ್ಕು ಪಾಲು ಮಾಡೋಕಾಗಲ್ಲ. ಅವರು ನನ್ನ ಕೇಳಿದರು:

“ಅಲ್ಲ ಕಣಪ್ಪಾ, ಆ ಮದ್ದಿನ ಮನೇನೇ ಎತ್ತಿ ಜರುಗ್ಸುದ್ರು ಅಂದೆ. ನೀನು ಇಂಜಿನಿಯರು ಓದ್ದೋನು. ನಮ್ಮನೇನ ಹಂಗೇ ಹೊಲದ ತಾವ್ಕೆ ಜರುಗ್ಸಾಕಾಯ್ತದಾ, ಇಲ್ವಾ? ಅದನ್ನೇಳು.”

ನಗುವ ಪ್ರಶ್ನೆ ಅಲ್ಲ ಇದು. ಅವರ ಮನೆಯ ಹಿತ್ತಲಲ್ಲೇ ಕೂತು ಲೆಕ್ಕ ಹಾಕಿದೆ. ಗೋಡೆ ಒಂದೂವರೆ ಅಡಿ ದಪ್ಪ, ಒಂಬತ್ತು ಅಡಿ ಎತ್ತರ, ಎಲ್ಲಾ ಗೋಡೆ ಸೇರಿ ಇನ್ನೂರಡಿ ಉದ್ದ ಅಂತ ಹಿಡಿಯಿರಿ. ಬರೀ ಮಣ್ಣೇ ನೂರಮೂವತ್ತು ಟನ್ ಮೀರುತ್ತೆ. ಅದರ ಮೇಲೆ ತೊಲೆ, ಅಡ್ಡೆ, ಹೆಂಚು. ಆದರೂ ಮದ್ದಿನ ಮನೆಯ ತೂಕದ ಕಾಲು ಭಾಗವೂ ಬರಲ್ಲ. ಹಾಗಂತ ಸುಲಭ ಅಂದುಕೊಳ್ಳಬೇಡಿ, ಇದು ಇನ್ನೂ ಕಷ್ಟ. ಮಣ್ಣಿನ ಗೋಡೆಗೆ ಗಾರೆಯ ಬಿಗಿ ಇಲ್ಲ. ಬುಡದಲ್ಲಿ ರಂಧ್ರ ಕೊರೆದರೆ ಅಲ್ಲಿಂದಲೇ ಉದುರೋಕೆ ಶುರುವಾಗುತ್ತೆ. ಬೆಂಗಳೂರಿನಲ್ಲಿ ರಸ್ತೆ ಎತ್ತರವಾಗಿ ಮನೆ ತಗ್ಗಿಗೆ ಬಿದ್ದಾಗ ಹರಿಯಾಣ ಕಡೆಯ ಕೆಲಸಗಾರರು ಬಂದು ಸ್ಕ್ರೂ ಜಾಕು ಇಟ್ಟು ಎರಡು ಮೂರು ಅಡಿ ಎತ್ತುತ್ತಾರಲ್ಲ, ಅವೆಲ್ಲ ಸಿಮೆಂಟಿನ ಮನೆಗಳು. ಮಣ್ಣಿನ ಮನೆಯನ್ನು ಇಡಿಯಾಗಿ ಜರುಗಿಸುತ್ತೇನೆ ಅಂತ ಯಾರಾದರೂ ಅಡ್ವಾನ್ಸ್ ಕೇಳಿದರೆ ಕೊಡಬೇಡಿ.

ಇನ್ನೊಂದು ದಾರಿ ಇದೆ, ಅದೂ ನಮ್ಮ ಜಿಲ್ಲೆಯಲ್ಲೇ ನಡೆದಿದ್ದು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ನೀರು ನಿಂತ ಮೇಲೆ ಹಳೇ ಕನ್ನಂಬಾಡಿ ಊರೂ, ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿದವು. ಬರಗಾಲದಲ್ಲಿ ನೀರಿಳಿದಾಗ ಮಾತ್ರ ದೇವಸ್ಥಾನ ತಲೆ ತೋರಿಸುತ್ತಿತ್ತು. ದಶಕಗಳ ನಂತರ ಖೋಡೆ ಪ್ರತಿಷ್ಠಾನದವರು ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಒಂದೊಂದಕ್ಕೂ ನಂಬರು ಹಾಕಿ, ಫೋಟೋ ತೆಗೆದು, ಹಿನ್ನೀರಿನ ದಡದ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಈಜಿಪ್ಟಿನ ಅಬು ಸಿಂಬೆಲ್ ದೇವಾಲಯಗಳನ್ನು ಅಸ್ವಾನ್ ಅಣೆಕಟ್ಟಿನ ನೀರಿನಿಂದ ಪಾರು ಮಾಡಿದ್ದೂ ಹೀಗೆಯೇ, 1964ರಿಂದ 1968ರವರೆಗೆ. ಬಂಡೆಯನ್ನು ಕತ್ತರಿಸಿ ತುಂಡು ಮಾಡಿ, 65 ಮೀಟರ್ ಮೇಲಕ್ಕೆ ಒಯ್ದು ಜೋಡಿಸಿದರು.

ತೊಟ್ಟಿ ಮನೆಗೆ ಹೊಂದೋದು ಈ ದಾರಿ. ಅದರ ಜೀವ ಇರೋದು ಮರದಲ್ಲಿ. ತೊಟ್ಟಿಯ ಸುತ್ತ ನಿಂತ ಕಂಬ, ಕಂಬದ ತಲೆಯ ಬೋದಿಗೆ, ಮೇಲೆ ತೊಲೆ, ಮುಂಬಾಗಿಲ ಚೌಕಟ್ಟು. ಇವು ಬಹುತೇಕ ಒಂದಕ್ಕೊಂದು ಕಚ್ಚಿ ಕೂತಿರುತ್ತವೆ. ಬಿಚ್ಚಬಹುದು, ಒಯ್ಯಬಹುದು, ಮತ್ತೆ ನಿಲ್ಲಿಸಬಹುದು. ಮಣ್ಣಿನ ಗೋಡೆ ಹೊಸ ಜಾಗದ ಮಣ್ಣಿನಲ್ಲೇ ಎದ್ದರೂ ತೊಂದರೆ ಇಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಸ್ತಶಿಲ್ಪ ಅನ್ನೋ ಹೆಸರಿನಲ್ಲಿ ಮಾಡಿದ್ದು ಇದನ್ನೇ. ಬೀಳಲಿದ್ದ ಹಳೇ ಮನೆಗಳನ್ನು ಬೇರೆ ಬೇರೆ ಊರಿನಿಂದ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಹೋಗಿ ನೋಡಿದರೆ ಒಂದು ಬೀದಿಯಲ್ಲಿ ಇಡೀ ಕರ್ನಾಟಕ ಸುತ್ತಿದ ಹಾಗಾಗುತ್ತೆ. ಆದರೆ ಅದಕ್ಕೆ ಅವರು ತಮ್ಮ ಆಯಸ್ಸನ್ನೇ ಸುರಿದರು. ಒಬ್ಬ ಮನುಷ್ಯನ ಹಟದ ಮೇಲೆ ಎಷ್ಟು ಮನೆ ಉಳಿಸೋಕಾಗುತ್ತೆ?

ಹಾಗಾದರೆ ಸರ್ಕಾರ ಏನು ಮಾಡುತ್ತೆ? ಇಲ್ಲೇ ವಿಷಯ ಇರೋದು. ಮದ್ದಿನ ಮನೆ ಉಳಿದಿದ್ದು ಟಿಪ್ಪು ದೊಡ್ಡವನು ಅನ್ನೋ ಕಾರಣಕ್ಕಲ್ಲ, ಸ್ಮಾರಕಗಳ ಪಟ್ಟಿಯಲ್ಲಿ ಇದ್ದಿದ್ದಕ್ಕೆ. ಕೇಂದ್ರದ 1958ರ ಕಾಯ್ದೆ ಇದೆ, ರಾಜ್ಯದ 1961ರ ಕಾಯ್ದೆ ಇದೆ. ಪಟ್ಟಿ ಸೇರಿದ ಕಟ್ಟಡ ರೈಲ್ವೆಯನ್ನೂ ನಿಲ್ಲಿಸುತ್ತೆ. ಪಟ್ಟಿಯಲ್ಲಿಲ್ಲದ ಮನೆ ಒಂದು ಜೆಸಿಬಿಯನ್ನೂ ನಿಲ್ಲಿಸಲ್ಲ. ಟಿಪ್ಪುವಿನ ಅರಮನೆಯನ್ನೇ ತಗೊಳ್ಳಿ. 1799ರ ಮೇ 4ರಂದು ಕೋಟೆ ಬಿತ್ತು. ಆಗ ಪಟ್ಟಿಯೂ ಇರಲಿಲ್ಲ, ಕಾಯ್ದೆಯೂ ಇರಲಿಲ್ಲ. ಅವನು ವಾಸವಿದ್ದ ಲಾಲ್ ಮಹಲನ್ನು ಬ್ರಿಟಿಷರು ಕೆಡವಿದರು. ಶ್ರೀರಂಗಪಟ್ಟಣದ ಟಿಪ್ಪು ಅರಮನೆಯ ತೊಲೆಗಳು ಊಟಿಗೆ ಹೋದವು, 1829ರಲ್ಲಿ ಶುರುವಾದ ಸೇಂಟ್ ಸ್ಟೀಫನ್ಸ್ ಚರ್ಚಿನ ಕಟ್ಟಡಕ್ಕೆ. ರಾಜ ಮಲಗುತ್ತಿದ್ದ ಮನೆಯ ಗುರುತು ಇವತ್ತು ಬರೀ ಅಡಿಪಾಯ. ಮದ್ದು ತುಂಬುತ್ತಿದ್ದ ಮನೆಗೆ ಹತ್ತು ಕೋಟಿಯ ಪ್ರಯಾಣ.

ಸರಿ, ನಮ್ಮ ಮನೆಗಳನ್ನೂ ಪಟ್ಟಿಗೆ ಸೇರಿಸಿ ಅನ್ನೋಣವೇ? ಶ್ರೀರಂಗಪಟ್ಟಣದವರನ್ನು ಕೇಳಿ ನೋಡಿ, ಬೈತಾರೆ. ಕೇಂದ್ರದ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಪ್ರಕಾರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಕೆರಗೋಡಿನ ಬೀದಿಯಲ್ಲಿ ಒಂದು ಮನೆ ಹಾಗೆ ಸ್ಮಾರಕವಾದರೆ ಇಡೀ ಬೀದಿ ಕೈಕಟ್ಟಿ ಕೂರಬೇಕು. ಮನೆಯವನಿಗೂ ಕಷ್ಟ, ಪಕ್ಕದವನಿಗೂ ಕಷ್ಟ. ಜನ ವಾಸ ಮಾಡುವ ಮನೆಗೆ ಕೋಟೆಯ ಕಾನೂನು ಹೊಂದಲ್ಲ. ಅದಕ್ಕೆ ಬೇರೆ ತರಹದ ಸಹಾಯ ಬೇಕು: ಹೆಂಚು ಬದಲಿಸೋಕೆ, ಗೆದ್ದಲು ಹಿಡಿದ ತೊಲೆ ಬದಲಿಸೋಕೆ ಒಂದಷ್ಟು ದುಡ್ಡು, ಮಣ್ಣಿನ ಕೆಲಸ ಬಲ್ಲ ಗಾರೆಯವರು. ಹೊಸ ಮನೆ ಕಟ್ಟೋಕೆ ಸರ್ಕಾರಿ ಯೋಜನೆ ಬೇಕಾದಷ್ಟಿವೆ. ಹಳೇ ಮನೆಯ ಮಾಡು ಸೋರುತ್ತಿದ್ದರೆ ಯಾವ ಅರ್ಜಿ ಹಾಕಬೇಕು, ಹೇಳಿ ನೋಡೋಣ?

ಅಲ್ಲಿಯವರೆಗೆ ತೊಟ್ಟಿ ಮನೆಗಳು ಲಾಲ್ ಮಹಲಿನ ಹಾಗೆ ಹೋಗುತ್ತಿವೆ. ಭಾಗದ ಮಾತು ಶುರುವಾಯಿತು ಅಂತ ಗೊತ್ತಾದ ಕೂಡಲೇ ವ್ಯಾಪಾರಿಗಳು ಬರ್ತಾರೆ. ಕಂಬಕ್ಕೆ ಇಷ್ಟು, ಚೌಕಟ್ಟಿಗೆ ಇಷ್ಟು. ಆ ಕಂಬಗಳು ಆಮೇಲೆ ಯಾವುದೋ ರೆಸಾರ್ಟಿನ ಊಟದ ಹಾಲ್‌ನಲ್ಲಿ ನಿಂತಿರುತ್ತವೆ. ಮಾರಿದವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ನಾಲ್ಕು ಸಂಸಾರಕ್ಕೆ ನಾಲ್ಕು ಅಡುಗೆಮನೆ, ನಾಲ್ಕು ಬಚ್ಚಲು ಬೇಕು, ಮಗಳ ಮದುವೆಗೆ ದುಡ್ಡು ಬೇಕು. ಹೊರಗಿನಿಂದ ಬಂದು ಸಂಸ್ಕೃತಿ ಉಳಿಸಿ ಅನ್ನೋದು ಸುಲಭ, ಮಳೆಗಾಲದಲ್ಲಿ ಸೋರುವ ಹೆಂಚಿನ ಕೆಳಗೆ ಪಾತ್ರೆ ಇಡೋದು ಅವರು ತಾನೇ.

ಆ ಹಿರಿಯರಿಗೆ ನಾನು ಹೇಳಿದ್ದು ಇಷ್ಟು: ಯಜಮಾನ್ರೇ, ಇಡೀ ಮನೆ ಜರುಗಿಸೋಕಾಗಲ್ಲ. ನಾಲ್ವರೂ ಒಪ್ಪಿದರೆ ತೊಟ್ಟಿಯ ಭಾಗವನ್ನು ಮಾತ್ರ ಬಿಚ್ಚಿ ಹೊಲದಲ್ಲಿ ನಿಲ್ಲಿಸಬಹುದು. ಒಪ್ಪದಿದ್ದರೆ, ಕೆಡವೋ ಮೊದಲು ಅಳತೆ ಮಾಡಿ ನಕ್ಷೆ ಬರೆಸಿಡಿ. “ಅಳತೆ ಇಟ್ಕಂಡು ಏನ್ ಮಾಡಾದು?” ಅಂದರು. ವೇಣುಗೋಪಾಲಸ್ವಾಮಿ ದೇವಸ್ಥಾನ ಮತ್ತೆ ನಿಂತಿದ್ದು ಆ ನಂಬರು, ಆ ಫೋಟೋಗಳಿಂದಲೇ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊಮ್ಮಗನಿಗೆ ಟೇಪು ತರೋಕೆ ಹೇಳಿದರು.

ನೀವೂ ಮಾಡಬಹುದು, ಎಂಜಿನಿಯರ್ ಬೇಕಿಲ್ಲ. ಒಂದು ಟೇಪು, ಒಂದು ಚೌಕಳಿ ಪುಸ್ತಕ, ಒಂದು ಮೊಬೈಲ್, ಒಂದು ಭಾನುವಾರ ಸಾಕು. ಮೊದಲು ಜಗಲಿಯಿಂದ ಹಿತ್ತಲವರೆಗೆ ಉದ್ದ, ಆಮೇಲೆ ಅಗಲ. ತೊಟ್ಟಿಯ ನಾಲ್ಕು ಬದಿಯ ಜೊತೆಗೆ ಎರಡು ಕರ್ಣವನ್ನೂ ಅಳೆಯಿರಿ. ಹಳೇ ಮನೆ ಚೌಕವಾಗಿ ಕಂಡರೂ ಚೌಕವಾಗಿರಲ್ಲ, ಕರ್ಣ ಇಲ್ಲದಿದ್ದರೆ ನಕ್ಷೆ ಕೂಡಲ್ಲ. ಕಂಬದಿಂದ ಕಂಬಕ್ಕೆ ಎಷ್ಟು, ಗೋಡೆ ದಪ್ಪ ಎಷ್ಟು, ತೊಲೆ ಯಾವ ಮರದ್ದು ಅಂತ ಮನೆಯ ಹಿರಿಯರನ್ನೇ ಕೇಳಿ ಬರೆದುಕೊಳ್ಳಿ. ಪ್ರತಿ ಕಂಬಕ್ಕೂ ಸೀಮೆಸುಣ್ಣದಲ್ಲಿ ನಂಬರು ಹಾಕಿ ಫೋಟೋ ತೆಗೆಯಿರಿ.

ಅಂಗಳದಲ್ಲಿ ರಾಗಿ ತುಂಬುತ್ತಿದ್ದ ಹಗೇವು ಇದ್ದರೆ ಅದನ್ನೂ ಬಿಡಬೇಡಿ. ನೆಲದೊಳಗೆ ವರ್ಷಗಟ್ಟಲೆ ಧಾನ್ಯ ಕೆಡದಂತೆ ಇಡುವ ಆ ಗುಂಡಿ ಮದ್ದಿನ ಮನೆಗಿಂತ ಕಡಿಮೆ ಜಾಣತನದ್ದೇನಲ್ಲ. ಅದೂ ನೆಲದೊಳಕ್ಕೆ ಇಳಿದಿತ್ತು, ಇದೂ ಇಳಿದಿದೆ. ಆದರೆ ಒಳಗೆ ಇಳಿದು ಮಾತ್ರ ಅಳೆಯಬೇಡಿ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕಟ್ಟಿರುತ್ತೆ, ಉಸಿರು ಕಟ್ಟಿ ಪ್ರಾಣ ಹೋಗಿದ್ದುಂಟು. ಹಗ್ಗದ ತುದಿಗೆ ಕಲ್ಲು ಕಟ್ಟಿ ಇಳಿಬಿಡಿ, ತಳ ಮುಟ್ಟಿದ ಕಡೆ ಗಂಟು ಹಾಕಿ, ಹೊರಗೆಳೆದು ಹಗ್ಗವನ್ನು ಅಳೆಯಿರಿ.